ಅಣ್ಣನ ಮೆದುಳು

ಆಸ್ಪತ್ರೆಯ ಪಡಸಾಲೆಯಲ್ಲಿ ನಾವು ಏಳು ಜನ ನೆಲದ ಮೇಲೆ ಕೂತಿದ್ದೆವು. ಬೆಂಚುಗಳು ಖಾಲಿ ಇದ್ದವು. ಆದರೂ ನೆಲದ ಮೇಲೇ ಕೂತಿದ್ದೆವು, ಅದು ನಮಗೆ ಅಭ್ಯಾಸ. ಬಿಳಿ ಕೋಟಿನ ಒಬ್ಬ ಡಾಕ್ಟರಮ್ಮ ಬಂದು ತಾನೂ ನಮ್ಮೆದುರು ಕುಕ್ಕರುಗಾಲಲ್ಲಿ ಕೂತು ದೊಡ್ಡಪ್ಪನ ಮುಖ ನೋಡಿದರು.

'ಯಜಮಾನ್ರೆ, ಇಂಥ ಹೊತ್ನಲ್ಲಿ ಕೇಳೋದು ಕಷ್ಟ. ನಿಮ್ಮ ಮಗನ ಮೆದುಳನ್ನ ಸಂಶೋಧನೆಗೆ ಕೊಡ್ತೀರಾ?'

ದೊಡ್ಡಪ್ಪನಿಗೆ ಕಿವಿ ಮಂದ. 'ಏನಂತೆ ಲಾ?' ಅಂತ ನಮ್ಮ ಕಡೆ ತಿರುಗಿದ. ಆ ಮಾತನ್ನು ಎರಡನೇ ಸಲ, ಜೋರಾಗಿ, ನಾವು ಹೇಳಬೇಕಾಯಿತು.

ಅದು 2022ರ ಮಳೆಗಾಲ. ಸತ್ತವನು ದೊಡ್ಡಪ್ಪನ ಒಬ್ಬನೇ ಮಗ, ನಮಗೆಲ್ಲ ಅಣ್ಣ. ಪಿಯುಸಿಯಲ್ಲಿ ಇಂಗ್ಲಿಷು ಹೋಯಿತು. ಅದನ್ನು ಕಟ್ಟಿ ಪಾಸು ಮಾಡುವ ಬದಲು ನಮ್ಮ ಫೀಸು ಕಟ್ಟಿದ. ಬೆನ್ನಿಗೆ ಚೌಕದ ಚೀಲ ಹಾಕಿಕೊಂಡು ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಿಗೆ ಊಟ ಹೊತ್ತ. ಹೊಲಗೇರಿಯವನ ಕೈಯ ಅನ್ನ ಯಾವ ಯಾವ ಮನೆಯ ಟೇಬಲ್ಲಿಗೆ ಹೋಯಿತೋ ಲೆಕ್ಕವಿಲ್ಲ. 'ಆ್ಯಪ್ನಾಗೆ ಜಾತಿ ಕೇಳಾಕಿಲ್ಲ ಕಣ್ರಲಾ, ಲೇಟಾದ್ರೆ ಮಾತ್ರ ಕೇಳ್ತಾರೆ' ಅಂತ ನಗುತ್ತಿದ್ದ. ಒಂದು ರಾತ್ರಿ ನೀರು ತುಂಬಿದ ಗುಂಡಿಗೆ ಗಾಡಿ ಬಿತ್ತು, ಹಿಂದಿನಿಂದ ಟ್ಯಾಂಕರು ಬಂತು. ಎರಡು ಆಸ್ಪತ್ರೆಗಳು ಅಡ್ವಾನ್ಸು ಕೇಳಿ ಗೇಟಿನಿಂದಲೇ ಕಳಿಸಿದವು. ಅವುಗಳ ಹೆಸರು ಬೇಡ. ಕೊನೆಗೆ ನಿಮ್ಹಾನ್ಸಿಗೆ ತಂದಾಗ ರಾತ್ರಿ ಎರಡು ಗಂಟೆ. ಎರಡು ದಿನ ಇದ್ದ. ಮೂರನೇ ದಿನ ಬೆಳಗಿನ ಜಾವ ಹೋದ. ಅವನು ದುಡಿದ ಕಂಪನಿ ಮಾಡಿದ್ದು ಒಂದೇ ಕೆಲಸ, ಅವನ ಐಡಿ ಮುಚ್ಚಿತು.

ಓದುವ ಗೆಳೆಯರು 'ಯಾಕಪ್ಪಾ ನಾವು ನಾವು ಅಂತ ಬರೀತೀಯಾ' ಅಂದಾರು. ಒಂದೇ ಅಂಗಳದಲ್ಲಿ, ಒಂದೇ ಗಂಗಾಳದಲ್ಲಿ ಉಂಡ ನಾಲ್ಕು ಹುಡುಗರಲ್ಲಿ ಒಬ್ಬ ಹೋದ. ಉಳಿದ ಮೂವರ ಬಾಯಿಗೆ 'ನಾನು' ಅನ್ನುವುದು ಇನ್ನೂ ಸರಿಯಾಗಿ ಬಂದಿಲ್ಲ.

ಡಾಕ್ಟರಮ್ಮನ ಮಾತು ಕೇಳಿ ಮೊದಲು ಎದ್ದು ನಿಂತವನು ಸೋದರಮಾವ. 'ಬದುಕಿದ್ದಾಗ ಇವನ ತಲೆ ಯಾರಿಗೂ ಬೇಕಾಗ್ನಿಲ್ಲ. ಈಗ್ ಬೇಕಾಯ್ತಾ? ಮುಟ್ಟುಸ್ಕೊಳ್ದೇ ಇದ್ದೋರು ಈಗ ಮಿದುಳಿಗೇ ಕೈ ಆಕ್ತೀವಿ ಅಂತಾರಲ್ಲ!' ಅಂದ. ದೊಡ್ಡವ್ವ ಅಳುವುದು ನಿಲ್ಲಿಸಿ, 'ಮಿದುಳು ತಗುದ್ರೆ ಮುಂದಿನ ಜನ್ಮದಾಗೆ ದಡ್ಡ ಆಗಿ ಉಟ್ತಾನಾ?' ಅಂತ ಕೇಳಿದಳು. ಡಾಕ್ಟರಮ್ಮ ನಗಲಿಲ್ಲ. 'ಅಮ್ಮಾ, ಅಪಘಾತದ ಕೇಸು, ಪೋಸ್ಟ್‌ಮಾರ್ಟಂ ಹೇಗೂ ಆಗ್ಲೇಬೇಕು, ಅದು ಕಾನೂನು. ಮೆದುಳು ಮಾತ್ರ ನೀವು ಕೊಟ್ರೆ ತಗೋತೀವಿ, ಇಲ್ದಿದ್ರೆ ಇಲ್ಲ. ಮುಖ ಕೆಡೋಲ್ಲ. ಯೋಚ್ನೆ ಮಾಡಿ, ಆದ್ರೆ ಬಹಳ ಹೊತ್ತು ಬಿಡೋ ಹಂಗಿಲ್ಲ' ಅಂದು ಕಾಗದ ಕೊಟ್ಟು ಹೋದರು.

ಕಾಗದ ನಮ್ಮ ಕೈಗೆ ಬಂತು. ನಮ್ಮ ಕೇರಿಗೆ ಮೊದಲ ಡಿಗ್ರಿ ನಮ್ಮದು, ಸರ್ಕಾರಿ ಕಾಲೇಜಿನ ಬಿ.ಎಸ್ಸಿ. ಡಿಗ್ರಿ ಬಂದ ದಿನ ಅಣ್ಣ ಕೇರಿಗೆಲ್ಲ ಮೈಸೂರುಪಾಕು ಹಂಚಿದ್ದ. ಆ ಡಿಗ್ರಿ ಮೊಟ್ಟಮೊದಲು ಉಪಯೋಗಕ್ಕೆ ಬಿದ್ದದ್ದು ಅವನ ಮೆದುಳಿನ ಕಾಗದವನ್ನು ಅವನ ಅಪ್ಪನಿಗೆ ಓದಿ ಹೇಳಲಿಕ್ಕೆ.

ದೊಡ್ಡಪ್ಪನ ವಿಷಯ ಹೇಳಬೇಕು. ಅವನು ನಮ್ಮೂರಿನ ಕೊನೆಯ ತೋಟಿ. ಊರಲ್ಲಿ ಯಾರು ಸತ್ತರೂ ಸುದ್ದಿ ಹೊತ್ತವನು, ಗುಂಡಿ ತೋಡಿದವನು, ತಮಟೆ ಬಡಿದವನು. ಗೌಡರ ಮನೆಯ ಹೆಣದ ಹೊಲಸು ಬಳಿದದ್ದಕ್ಕೆ ಹಳೇ ಪಂಚೆ, ಸೇರು ರಾಗಿ. ಬದುಕಿರುವ ಗೌಡನನ್ನು ಮುಟ್ಟುವಂತಿಲ್ಲ. ಸತ್ತ ಗೌಡನನ್ನು ಇವನೇ ಮುಟ್ಟಬೇಕು. ಈಗ ಗೌಡರ ಜಮೀನೆಲ್ಲ ಗಾಜಿನ ಕಟ್ಟಡವಾಗಿದೆ, ಅವರ ಹೆಣಗಳು ವ್ಯಾನಿನಲ್ಲಿ ಹೋಗಿ ಕರೆಂಟಿನಲ್ಲಿ ಸುಡುತ್ತವೆ. ದೊಡ್ಡಪ್ಪನ ಗುದ್ದಲಿ ಸೂರಿಗೆ ಸಿಕ್ಕಿಸಿದ್ದು ಹಾಗೇ ಇದೆ.

ಅವನು ಕಾಗದ ಓದಿದ್ದನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಅಂದದ್ದು ಇಷ್ಟು: 'ನಾನು ಎಷ್ಟು ಜನುಕ್ಕೆ ಗುಂಡಿ ತೋಡಿವ್ನಿ. ಯಾವೊನೂ ನನ್ನ ಬಾಯ್ಬಿಟ್ಟು ಕೇಳ್ನಿಲ್ಲ, ಬತ್ತೀಯಾ ಅಂತ. ಬಾ ಅಂದ್ರು, ಓದೆ. ಈಯಮ್ಮ ಕೂತ್ಕಂಡು ಕೇಳುದ್ಲು. ಕೊಡಾನ.' ಸೋದರಮಾವ ಸಿಟ್ಟಿನಿಂದ ಹೊರಗೆ ಹೋದ. ದೊಡ್ಡಪ್ಪ ಹೆಬ್ಬೆಟ್ಟು ಒತ್ತಿದ. ಇಂಕು ಒರೆಸಿಕೊಳ್ಳಲು ನಾವು ಕೊಟ್ಟ ಕಾಗದ ತಗೊಳ್ಳಲಿಲ್ಲ, ತಲೆಗೂದಲಿಗೆ ಒರೆಸಿಕೊಂಡ.

ಮಣ್ಣು ಮಾಡಿದೆವು. ಅಪ್ಪ ಮಗನಿಗೆ ಗುಂಡಿ ತೋಡಬಾರದು ಅಂತ ಗುದ್ದಲಿ ನಾವು ಹಿಡಿದೆವು. ಅಂಗೈ ಬೊಬ್ಬೆ ಎದ್ದವು. ಓದಿದ ಕೈಗಳು ನೋಡಿ!

ಇದಾದ ಮೇಲೆ ನಮಗೆ ಒಂದು ಹುಳ ಹೊಕ್ಕಿತು. ಕೊಟ್ಟೆವು ಸರಿ, ಎಲ್ಲಿಗೆ ಕೊಟ್ಟೆವು? ಕವಿತೆ ಬರೆಯುವುದು ಬಿಟ್ಟು ಇದನ್ನೇ ಓದತೊಡಗಿದೆವು.

ನಿಮ್ಹಾನ್ಸ್ 1974ರಲ್ಲಿ ಹುಟ್ಟಿದ್ದು. ಹಳೆಯ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯನ್ನೂ 1954ರ ಅಖಿಲ ಭಾರತ ಸಂಸ್ಥೆಯನ್ನೂ ಕೂಡಿಸಿ ಮಾಡಿದರು. ಬೂಸಾ ಗಲಾಟೆ ಆಗಿ ಒಂದು ವರ್ಷ ಕಳೆದಿತ್ತು, ದಲಿತ ಸಂಘರ್ಷ ಸಮಿತಿ ಕಣ್ಣು ಬಿಡುತ್ತಿದ್ದ ಕಾಲ. 1994ರಲ್ಲಿ ನಿಮ್ಹಾನ್ಸಿಗೆ ವಿಶ್ವವಿದ್ಯಾಲಯದ ಸ್ಥಾನ ಬಂತು. ಮರುವರ್ಷ, 1995ರಲ್ಲಿ, ಡಾ. ಎಸ್.ಕೆ. ಶಂಕರ್ ಅವರು ಅಲ್ಲಿ ಮೆದುಳಿನ ಬ್ಯಾಂಕು ತೆರೆದರು. ಹಣದ ಬ್ಯಾಂಕಿನ ಮೆಟ್ಟಿಲು ಹತ್ತಲು ನಮ್ಮಪ್ಪ ಹೆದರುತ್ತಿದ್ದ, ಈ ಬ್ಯಾಂಕಿಗೆ ನಮ್ಮ ಮನೆಯದೇ ಠೇವಣಿ. ಮೆದುಳಿನ ಒಂದಷ್ಟು ಭಾಗವನ್ನು ಫಾರ್ಮಲಿನ್ನಿನಲ್ಲಿ ಇಡುತ್ತಾರೆ. ಒಂದಷ್ಟನ್ನು ಹೆಪ್ಪುಗಟ್ಟಿಸಿ ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಚಳಿಯಲ್ಲಿ ಕಾಪಾಡುತ್ತಾರೆ. ಮರೆವಿನ ಕಾಯಿಲೆ, ಕೈ ನಡುಗುವ ಪಾರ್ಕಿನ್ಸನ್, ಹುಚ್ಚುನಾಯಿ ಕಡಿತ, ಇವುಗಳಿಂದ ಸತ್ತವರ ಮೆದುಳೂ ಅಲ್ಲಿ ಸೇರುತ್ತದೆ. ಆದರೆ ರೋಗದ ಮೆದುಳನ್ನು ಅರ್ಥ ಮಾಡಿಕೊಳ್ಳಲು ಪಕ್ಕದಲ್ಲಿ ಇಟ್ಟು ನೋಡಲು ರೋಗವಿಲ್ಲದ ಮೆದುಳು ಬೇಕು. ಅದು ಎಲ್ಲಿಂದ ಬರಬೇಕು? ಗಟ್ಟಿಮುಟ್ಟಾಗಿದ್ದು ರಸ್ತೆಯಲ್ಲಿ ಸತ್ತವರಿಂದ. ಬೆಂಗಳೂರಿನ ರಸ್ತೆಗೆ ಅದರ ಕೊರತೆ ಇಲ್ಲ.

ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ವಿಜ್ಞಾನದವರ ಭಾಷೆಯಲ್ಲಿ ಅಣ್ಣನಂಥವರ ಮೆದುಳಿಗೆ 'ನಾರ್ಮಲ್' ಅನ್ನುತ್ತಾರೆ. ಶಾಲೆಯ ರಿಜಿಸ್ಟರಿನಲ್ಲಿ, ಹಾಸ್ಟೆಲಿನ ಫಾರಂನಲ್ಲಿ, ಫೀಸಿನ ರಶೀದಿಯಲ್ಲಿ ನಮ್ಮ ಹೆಸರಿನ ಪಕ್ಕ ಏನೇನೋ ಬರೆದಿದ್ದರು. ಈ ಪದ ಯಾರೂ ಬರೆದಿರಲಿಲ್ಲ.

ಹುಡುಕುತ್ತಾ ಹೋದರೆ ದಾರಿ ನಮ್ಮ ಮನೆ ಬಾಗಿಲಿಗೇ ಬಂತು. ಪಟ್ಟಂದೂರು ಅಗ್ರಹಾರ ಅಂತ ಒಂದು ಊರು. ಹೆಸರೇ ಹೇಳುತ್ತದೆ ಯಾರಿಗೆ ಬಿಟ್ಟುಕೊಟ್ಟದ್ದು ಅಂತ. ನಮ್ಮ ಅಜ್ಜಿ ಅದರ ಬೀದಿಗೆ ಕಾಲಿಟ್ಟವಳಲ್ಲ. 90ರ ದಶಕದಲ್ಲಿ ಅಲ್ಲಿ ಐಟಿಪಿಎಲ್ ಎದ್ದಿತು. ಆ ಕಟ್ಟಡಗಳ ಒಳಗೆ 2002ರಿಂದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಅನ್ನುವ ಸಂಸ್ಥೆ. ಅದನ್ನು ಕಟ್ಟಿದವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಖಿಲೇಶ್ ಪಾಂಡೆ. 2014ರ ಮೇ ಕೊನೆಗೆ ಈ ಎರಡೂ ಕಡೆಯವರು, ಜೊತೆಗೆ ಇನ್ನೂ ಹಲವರು, 'ನೇಚರ್' ಪತ್ರಿಕೆಯಲ್ಲಿ ಮನುಷ್ಯ ದೇಹದ ಪ್ರೋಟೀನುಗಳ ನಕ್ಷೆಯ ಮೊದಲ ಕರಡು ಪ್ರಕಟಿಸಿದರು. ನಿಮ್ಹಾನ್ಸಿನವರೂ ಆ ಲೇಖಕರ ಪಟ್ಟಿಯಲ್ಲಿದ್ದಾರೆ. ಆಗ ನಾವು ಹೈಸ್ಕೂಲಿನ ಹುಡುಗರು. ಅದೇ ರಸ್ತೆಯಲ್ಲಿ ಅಣ್ಣನ ಜೊತೆ ಸೈಕಲ್ ಹೊಡೆಯುತ್ತಿದ್ದೆವು. ಗಾಜಿನ ಹಿಂದೆ ಏನು ನಡೆಯುತ್ತಿದೆ ಅಂತ ನಮಗೆ ಯಾರು ಹೇಳಬೇಕು?

ಪ್ರೋಟೀನು ಅಂದರೆ ಜಿಮ್ಮಿನ ಹುಡುಗರು ಡಬ್ಬದಲ್ಲಿ ಕಲಸಿ ಕುಡಿಯುವುದಷ್ಟೇ ಅಲ್ಲ. ನಮ್ಮ ಜೀವಕೋಶದ ಒಳಗೆ ಜೀನುಗಳು ಅಂತ ಇವೆ, ಅವು ಬರೆದಿಟ್ಟ ಲೆಕ್ಕ. ಪ್ರೋಟೀನುಗಳು ಆ ಲೆಕ್ಕದ ಪ್ರಕಾರ ದುಡಿಯುವ ಆಳುಗಳು. ರಕ್ತದಲ್ಲಿ ಗಾಳಿ ಹೊರುವ ಹಿಮೋಗ್ಲೋಬಿನ್ ಒಂದು ಆಳು, ಹೊಟ್ಟೆಯಲ್ಲಿ ಅನ್ನ ಅರಗಿಸುವುದು ಇನ್ನೊಂದು. ಲೆಕ್ಕದ ಪುಸ್ತಕ ಲಿವರಿನಲ್ಲೂ ಮೆದುಳಿನಲ್ಲೂ ಒಂದೇ, ಕೆಲಸಕ್ಕೆ ಬಂದ ಆಳುಗಳು ಬೇರೆ ಬೇರೆ. ಪುಸ್ತಕವನ್ನು 2003ರ ಹೊತ್ತಿಗೆ ಹೆಚ್ಚುಕಡಿಮೆ ಓದಿ ಮುಗಿಸಿದ್ದರು. ಯಾವ ಆಳು ಎಲ್ಲಿ ದುಡಿಯುತ್ತಾನೆ ಅನ್ನುವ ಹಾಜರಿ ಪಟ್ಟಿ ಇರಲಿಲ್ಲ.

ಅದಕ್ಕಾಗಿ ಇವರು ಆರೋಗ್ಯವಾಗಿದ್ದ 30 ಬಗೆಯ ಅಂಗಾಂಶ, ಜೀವಕೋಶ ತೆಗೆದುಕೊಂಡರು. 17 ದೊಡ್ಡವರವು, 7 ಭ್ರೂಣದವು, 6 ರಕ್ತದ ಕಣಗಳು. ಪ್ರತಿಯೊಂದಕ್ಕೂ ಮೂವರಿಂದ ತೆಗೆದದ್ದನ್ನು ಒಟ್ಟಿಗೆ ಬೆರೆಸಿದರು. ಪ್ರೋಟೀನನ್ನು ಚೂರು ಚೂರು ಮಾಡಿ, ಆ ಚೂರುಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್ ಅನ್ನುವ ಯಂತ್ರದಲ್ಲಿ ತೂಗಿದರು. ಚಿನ್ನದಂಗಡಿಯ ತಕ್ಕಡಿಗೂ ನಿಲುಕದ ತೂಕ ಅದು. ತೂಕದಿಂದ ಚೂರು ಯಾವುದು, ಚೂರಿನಿಂದ ಪ್ರೋಟೀನು ಯಾವುದು ಅಂತ ಕಂಪ್ಯೂಟರು ಲೆಕ್ಕ ಹಾಕಿತು. 17,294 ಜೀನುಗಳ ಪ್ರೋಟೀನು ಸಿಕ್ಕವು ಅಂದರು. ಇರುವ ಜೀನುಗಳಲ್ಲಿ ನೂರಕ್ಕೆ 84ರಷ್ಟು. ಅದೇ ಸಂಚಿಕೆಯಲ್ಲಿ ಜರ್ಮನಿಯ ಮ್ಯೂನಿಕ್‌ನವರೂ ತಮ್ಮದೊಂದು ನಕ್ಷೆ ಇಟ್ಟರು.

ಹೊಗಳಿಕೆ ಮಾತ್ರ ಹೇಳಿದರೆ ಊರಗೌಡನ ಭಟ್ಟಂಗಿಯಂತಾದೀತು. ಅದೇ ವರ್ಷ ಸ್ಪೇನಿನ ಸಂಶೋಧಕರು ತಕರಾರು ಎತ್ತಿದರು. ವಾಸನೆ ಹಿಡಿಯುವ ಪ್ರೋಟೀನುಗಳು ಸಿಕ್ಕಿವೆ ಅಂತ ಪಟ್ಟಿಯಲ್ಲಿದೆ, ಆದರೆ ನೀವು ಮೂಗಿನ ಅಂಗಾಂಶವನ್ನೇ ನೋಡಿಲ್ಲವಲ್ಲ, ಹಾಗಾದರೆ ನಿಮ್ಮ ಲೆಕ್ಕ ಸಡಿಲ ಅಂದರು. ಮೂಗಿಲ್ಲದ ಕಡೆ ವಾಸನೆ ಹಿಡಿದದ್ದು! ನಮಗೆ ನಗು ಬಂತು, ಯಾಕೆಂದರೆ ನಮ್ಮ ಕೇರಿಯ ವಾಸನೆಯನ್ನು ಬರದೇ ಹಿಡಿದವರನ್ನು ಬಹಳ ಕಂಡಿದ್ದೇವೆ. ಆದರೆ ಇಲ್ಲಿ ಒಂದು ಒಳ್ಳೆಯ ಗುಣ ಕಂಡಿತು. ತಪ್ಪು ಅಂತ ಹೇಳಿದವನನ್ನು ಊರಾಚೆ ಹಾಕಲಿಲ್ಲ. ಲೆಕ್ಕವನ್ನು ಬಿಗಿ ಮಾಡಿಕೊಂಡರು. 2020ರ ಹೊತ್ತಿಗೆ ಜಗತ್ತಿನ ಎಲ್ಲರೂ ಸೇರಿ ನೂರಕ್ಕೆ 90ರಷ್ಟನ್ನು ಗಟ್ಟಿ ಪುರಾವೆಯೊಂದಿಗೆ ಮುಟ್ಟಿದರು.

ಆ ಲೇಖನದಲ್ಲಿ ಒಂದು ಮಾತು ಇದೆ. 2,350 ಜೀನುಗಳ ಪ್ರೋಟೀನು ದೇಹದ ಎಲ್ಲ ಅಂಗದಲ್ಲೂ ಸಿಕ್ಕವಂತೆ. ಒಟ್ಟು ಪ್ರೋಟೀನಿನ ತೂಕದಲ್ಲಿ ಮುಕ್ಕಾಲು ಪಾಲು ಅವೇ. ಅವುಗಳ ಹೆಸರು 'ಹೌಸ್‌ಕೀಪಿಂಗ್ ಪ್ರೋಟೀನು'.

ಅವ್ವ ಹದಿನಾರು ವರ್ಷದಿಂದ ವೈಟ್‌ಫೀಲ್ಡಿನ ಒಂದು ಗಾಜಿನ ಕಟ್ಟಡದಲ್ಲಿ ಹೌಸ್‌ಕೀಪಿಂಗ್. ಬೆಳಗ್ಗೆ ಆರಕ್ಕೆ ಹೋಗಿ ಕಕ್ಕಸು ತೊಳೆದು, ಗಾಜು ಒರೆಸಿ, ಸಾಹೇಬರು ಬರುವ ಹೊತ್ತಿಗೆ ಕಾಣದಂತಾಗಬೇಕು. ಈ ವಿಷಯ ಹೇಳಿದೆವು.

'ಮೈಯೊಳ್ಗೂ ಔಸ್ಕೀಪಿಂಗ್ನೋರು ಅವ್ರಾ?'

'ಅವ್ರೆ ಕಣವ್ವ. ಮುಕ್ಕಾಲು ಪಾಲು ಅವ್ರೇ.'

'ಅವ್ರು ಒಂದಿನ ರಜಾ ಆಕಿದ್ರೆ?'

'ಮನುಸ್ಯ ಸತ್ತೋಯ್ತಾನೆ.'

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ಅವ್ರ್ಗೂ ಕಂಟ್ರಾಕ್ಟ್ರೇ ಸಂಬ್ಳ ಕೊಡೋದಾ?' ಅಂದಳು.

ಆದರೆ ಇನ್ನೊಂದು ಕಥೆ ಗೊತ್ತಾಗಿ ಬಾಯಿ ಕಹಿಯಾಯಿತು. ಇದೇ ಜಾನ್ಸ್ ಹಾಪ್ಕಿನ್ಸಿಗೆ 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅನ್ನುವ ಕರಿಯ ಹೆಂಗಸು ಗರ್ಭಕೊರಳಿನ ಕ್ಯಾನ್ಸರಿಗೆ ಚಿಕಿತ್ಸೆಗೆ ಬಂದಳು. ಹೊಗೆಸೊಪ್ಪಿನ ಹೊಲದಲ್ಲಿ ದುಡಿದವಳು, ಐದು ಮಕ್ಕಳ ತಾಯಿ. ಅವಳ ಗಡ್ಡೆಯ ಚೂರನ್ನು ಅವಳನ್ನು ಕೇಳದೆ ತೆಗೆದು ಬೆಳೆಸಿದರು. ಅವಳು ಅದೇ ವರ್ಷ, 31ರ ವಯಸ್ಸಿಗೆ ಸತ್ತಳು. ಅವಳ ಜೀವಕೋಶ ಸಾಯಲಿಲ್ಲ. 'ಹೀಲಾ' ಅನ್ನುವ ಹೆಸರಿನಲ್ಲಿ ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಇವತ್ತಿಗೂ ಬೆಳೆಯುತ್ತಿದೆ. ಪೋಲಿಯೋ ಲಸಿಕೆಯ ಪರೀಕ್ಷೆಗೂ ಅದೇ ಬಂತು. ಮನೆಯವರಿಗೆ ಸುದ್ದಿ ಮುಟ್ಟಲು ಇಪ್ಪತ್ತು ವರ್ಷ ಹಿಡಿಯಿತು. ಆ ಕೋಶಗಳಿಂದ ಲಾಭ ಮಾಡಿದ ಒಂದು ಕಂಪನಿ ಅವಳ ಕುಟುಂಬದೊಂದಿಗೆ ರಾಜಿಗೆ ಬಂದದ್ದು 2023ರಲ್ಲಿ. ಬಾಂಬೆಯ ನಮ್ಮ ಹುಡುಗರು 1972ರಲ್ಲಿ ಪ್ಯಾಂಥರ್ ಅಂತ ಹೆಸರಿಟ್ಟುಕೊಂಡಾಗ ಆ ಕರಿಯರನ್ನು ಅಣ್ಣತಮ್ಮಂದಿರು ಅಂದುಕೊಂಡದ್ದು ಸುಮ್ಮನೆ ಅಲ್ಲ.

ದೂರ ಯಾಕೆ ಹೋಗಬೇಕು, ನಮ್ಮಲ್ಲೇ 1957ರ ಅಂಗರಚನಾ ಕಾಯ್ದೆ ಇದೆ. ವಾರಸುದಾರರಿಲ್ಲದ ಹೆಣವನ್ನು ವೈದ್ಯಕೀಯ ಕಾಲೇಜಿಗೆ ಕೊಡಬಹುದು ಅನ್ನುತ್ತದೆ. ಕಾಯ್ದೆ ತಪ್ಪು ಅನ್ನುತ್ತಿಲ್ಲ. ಹೆಣ ಕೊಯ್ಯದೆ ಡಾಕ್ಟರು ಕಲಿಯುವುದಿಲ್ಲ. ಆದರೆ ಈ ನಾಡಿನಲ್ಲಿ ವಾರಸುದಾರರಿಲ್ಲದೆ ಯಾರು ಸಾಯುತ್ತಾರೆ? ಬಸ್‌ಸ್ಟ್ಯಾಂಡಿನಲ್ಲಿ, ಫುಟ್‌ಪಾತಿನಲ್ಲಿ, ಕಟ್ಟುತ್ತಿರುವ ಬಿಲ್ಡಿಂಗಿನ ಕೆಳಗೆ ಸಾಯುವವರು ಯಾವ ಬೀದಿಯವರು? ಅವರನ್ನು ಯಾರೂ ಕುಕ್ಕರುಗಾಲಲ್ಲಿ ಕೂತು ಕೇಳಿಲ್ಲ.

ಹಂದಿಗೋಡಿನ ಜನರನ್ನು ನೆನೆಯದೆ ಇದನ್ನು ಮುಂದಕ್ಕೆ ಬರೆಯಲಾಗದು. ಸಾಗರ ತಾಲ್ಲೂಕಿನ ಆ ಊರಿನಲ್ಲಿ 1974-75ರ ಸುಮಾರಿಗೆ ಒಂದು ರೋಗ ಬೆಳಕಿಗೆ ಬಂತು. ಸೊಂಟದ, ಮಂಡಿಯ ಕೀಲು ಹಿಡಿದು, ಬೆನ್ನು ಬಾಗಿ, ದುಡಿಯುವ ವಯಸ್ಸಿನವರು ತೆವಳತೊಡಗಿದರು. ರೋಗ ಬಂದದ್ದು ಚನ್ನಂಗಿ, ಛಲವಾದಿಗಳಿಗೆ. ಅಂದರೆ ನಮ್ಮವರಿಗೆ. ಹೈದರಾಬಾದಿನ ಪೌಷ್ಟಿಕಾಂಶ ಸಂಸ್ಥೆಯವರು ಬಂದು ನೋಡಿದರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೈಗೆ ಸೇರಿ, ಆ ಏಡಿ ತಿಂದವರಿಗೆ ಬಂದಿರಬೇಕು ಅಂತ ಮೊದಲಿಗೆ ಸಂಶಯಪಟ್ಟರು. ಗದ್ದೆ ಒಡೆಯರದು, ವಿಷ ಒಡೆಯರದು, ಏಡಿ ಮಾತ್ರ ನಮ್ಮದು. ಮುಂದೆ ಬೇರೆ ಸಂಶೋಧಕರು ಮನೆತನಗಳ ವಂಶಾವಳಿ ಬರೆದು, ಎಕ್ಸ್‌ರೇ ತೆಗೆದು, ಇದು ತಂದೆತಾಯಿಯಿಂದ ಮಕ್ಕಳಿಗೆ ಇಳಿಯುವ ಮೂಳೆಯ ರೋಗ ಅಂದರು. ಒಬ್ಬರಿಗಿದ್ದರೂ ಸಾಕು, ಹುಟ್ಟುವ ಪ್ರತಿ ಮಗುವಿಗೂ ಅರ್ಧಕ್ಕರ್ಧ ಭಯ. ಬುಡಕ್ಕೆ ಹೋಗುವ ಔಷಧಿ ಇಲ್ಲ. ನೋವಿನ ಮಾತ್ರೆ, ಆಪರೇಷನ್ನು, ಪೆನ್ಷನ್ನಿನ ಅರ್ಜಿ. ಎಷ್ಟು ತಂಡಗಳು ಬಂದು ರಕ್ತ ಎಳೆದುಕೊಂಡು ಹೋದವು! ರಕ್ತ ಕೊಟ್ಟವನು ಮಾತ್ರ ಅದೇ ಜಗಲಿಯ ಮೇಲೆ ಕೂತಿದ್ದಾನೆ.

ಒಂದೇ ಕುಲದೊಳಗೆ ಮದುವೆ ನಡೆದು ನಡೆದು ಕುಲದ ರೋಗ ಕುಲದಲ್ಲೇ ಉಳಿಯುತ್ತದೆ. ಕುಲದಾಚೆಗೆ ಮದುವೆಯಾಗದಿರುವುದೇ ಜಾತಿಯ ತಿರುಳು ಅಂತ ಅಂಬೇಡ್ಕರರು 1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಹೇಳಿದ್ದರು. ಆಗ ಅವರಿಗೆ 25 ವರ್ಷ, ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಸರಿಯಾಗಿ ನೂರು ವರ್ಷಕ್ಕೆ, 2016ರಲ್ಲಿ, ಬಂಗಾಳದ ಕಲ್ಯಾಣಿಯ ಜೀನೋಮಿಕ್ಸ್ ಸಂಸ್ಥೆಯವರು ಇಲ್ಲಿನ ಜನರ ಜೀನುಗಳನ್ನು ಓದಿ, ಸುಮಾರು 70 ತಲೆಮಾರಿನ ಹಿಂದೆ ಈ ಕೂಡುವಿಕೆ ಥಟ್ಟನೆ ನಿಂತಿತು ಅಂತ ಬರೆದರು. ಅದಕ್ಕೂ ಮೊದಲು ಎಲ್ಲರೂ ಎಲ್ಲರೊಂದಿಗೂ ಬೆರೆತಿದ್ದರಂತೆ. ಬಾಬಾಸಾಹೇಬರ ಕೈಯಲ್ಲಿ ಯಂತ್ರ ಇರಲಿಲ್ಲ, ಮಹಾರ್‌ವಾಡೆಯ ಅನುಭವ ಇತ್ತು.

ಇದನ್ನೆಲ್ಲ ದೊಡ್ಡಪ್ಪನಿಗೆ ಎಷ್ಟು ಹೇಳಿದರೂ ಅವನದು ಒಂದೇ ಪ್ರಶ್ನೆ. 'ಅದ್ನ ಇಟ್ಟಿರೋ ಜಾಗ ನೋಡ್ಬೋದಾ?' ಚಳಿಯ ಪೆಟ್ಟಿಗೆ ನೋಡಲು ಬಿಡುವುದಿಲ್ಲ ಅಂದೆವು. ಆದರೆ ನಿಮ್ಹಾನ್ಸಿನಲ್ಲಿ ಮೆದುಳಿನ ಮ್ಯೂಸಿಯಂ ಒಂದಿದೆ, ಸಾರ್ವಜನಿಕರನ್ನು ಬಿಡುತ್ತಾರೆ. ಕಳೆದ ವರ್ಷ ಒಂದು ದಿನ ಕರಕೊಂಡು ಹೋದೆವು. ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿ, ಇಳಿದು, ಬಸ್ಸು ಹಿಡಿದು. ಮೆಟ್ರೋದಲ್ಲಿ ಸೀಟಿತ್ತು, ಬಾಗಿಲ ಹತ್ತಿರ ನೆಲದ ಮೇಲೆ ಕೂರಲು ಹೋದ. ಹಿಡಿದು ಎಬ್ಬಿಸಿ ಸೀಟಿಗೆ ಕೂರಿಸಿದೆವು.

ಮ್ಯೂಸಿಯಂನಲ್ಲಿ ಜಾಡಿ ಜಾಡಿ ಮೆದುಳುಗಳು. ಹುಳ ಹೊಕ್ಕದ್ದು, ಗಡ್ಡೆ ಬೆಳೆದದ್ದು, ರಕ್ತ ಹೆಪ್ಪುಗಟ್ಟಿದ್ದು. ಕೋಳಿ, ಇಲಿಯಂಥ ಪ್ರಾಣಿಗಳ ಪುಟ್ಟ ಮೆದುಳೂ ಇದ್ದವು. ನಮ್ಮ ಜೊತೆ ಯಾವುದೋ ಶಾಲೆಯ ಮಕ್ಕಳು, ಟೈ ಕಟ್ಟಿದವರು. ತೋರಿಸುವವರು ಎಲ್ಲರಿಗೂ ಕೈಚೀಲ ಕೊಟ್ಟು ಹಾಕಿಕೊಳ್ಳಿ ಅಂದರು. ಆಮೇಲೆ ಒಂದು ತಟ್ಟೆಯಲ್ಲಿ ನಿಜವಾದ ಮನುಷ್ಯನ ಮೆದುಳು ತಂದು, 'ಮುಟ್ಟಿ ನೋಡಿ, ಹಿಡಿದು ನೋಡಿ, ಒಬ್ಬರಿಂದ ಒಬ್ಬರಿಗೆ ದಾಟಿಸಿ' ಅಂದರು.

ದೊಡ್ಡಪ್ಪನ ಸರದಿ ಬಂತು. ಗುದ್ದಲಿ ಹಿಡಿದು ಸೊಟ್ಟಗಾದ ಬೆರಳಿಗೆ ಕೈಚೀಲ ಸರಿಯಾಗಿ ಕೂತಿರಲಿಲ್ಲ. ಎರಡೂ ಬೊಗಸೆಯಲ್ಲಿ ತಗೊಂಡ.

'ಇದು ಯಾರ್ದು ಸ್ವಾಮಿ?'

'ಹೆಸ್ರು ಹೇಳೋದಿಲ್ಲ ಯಜಮಾನ್ರೆ. ಯಾರೋ ಕೊಟ್ಟಿದ್ದು.'

'ಗಂಡಾ, ಎಣ್ಣಾ?'

'ನೋಡಿದ್ರೆ ಗೊತ್ತಾಗಲ್ಲ.'

'ಯಾವ ಜನ?'

ತೋರಿಸುವವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಟೈ ಕಟ್ಟಿದ ಮಕ್ಕಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೊಡ್ಡಪ್ಪ ಮತ್ತೆ ಕೇಳಲಿಲ್ಲ. ಎಳೇ ಕೂಸಿನ ತಲೆಯ ಅಡಿಗೆ ಕೈ ಕೊಡುವಂತೆ ಅದರ ಅಡಿಗೆ ಕೈ ಕೊಟ್ಟು ಮೇಲೆ ಕೆಳಗೆ ತೂಗಿದ. 'ಒಂದು ಸೇರಿನ ಮ್ಯಾಲೈತೆ' ಅಂದ. ಪಕ್ಕದಲ್ಲಿ ಹಣೆಗೆ ಗಂಧ ಇಟ್ಟ ಹತ್ತು ವರ್ಷದ ಹುಡುಗ ಕೈ ಚಾಚಿಕೊಂಡು ಕಾಯುತ್ತಿದ್ದ. ದೊಡ್ಡಪ್ಪ ಅವನ ಮುಖ ನೋಡಿದ, ಅಭ್ಯಾಸಬಲದಿಂದ ಒಂದು ಹೆಜ್ಜೆ ಹಿಂದೆ ಸರಿದು ತಟ್ಟೆಯ ಮೇಲೆ ಇಡಲು ಹೋದ.

'ಕೊಡಿ ತಾತ' ಅಂದ ಹುಡುಗ.

'ಬೀಳುಸ್ಬ್ಯಾಡ, ಉಷಾರು' ಅಂತ ದೊಡ್ಡಪ್ಪ ಅದನ್ನು ಅವನ ಕೈಗೇ ಇಟ್ಟ.